ದಾನದ ಲೆಕ್ಕ ಬರೆದ ತಾಯಿ



ಕಳೆದ ಅಮಾವಾಸ್ಯೆಯಂದು ನಮ್ಮ ಮಠದ ಸಭೆಯಲ್ಲಿ ಒಂದು ಮನಸ್ತಾಪವಾಯಿತು. ಪ್ರತಿವರ್ಷ ಜಾತ್ರೆಯ ದಾಸೋಹಕ್ಕೆ ಅಕ್ಕಿ, ಬೇಳೆ, ಬೆಲ್ಲ ತಂದು ಒಪ್ಪಿಸುವ ಹಿರಿಯ ಭಕ್ತರೊಬ್ಬರ ಮೊಮ್ಮಗ, ಪಟ್ಟಣದಲ್ಲಿ ಓದಿ ಬಂದ ಹುಡುಗ, ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಐದು ದಿನ ಪಂಕ್ತಿಯಲ್ಲಿ ಕೂಡುವವರಲ್ಲಿ ನಿಜವಾಗಿ ಹಸಿದು ಬಂದವರು ಎಷ್ಟು ಮಂದಿ, ಮನೆಯಲ್ಲಿ ಉಂಡು ಮತ್ತೆ ಬಂದು ಕೂಡುವವರು ಎಷ್ಟು ಮಂದಿ, ಇದೇ ದುಡ್ಡಿನಲ್ಲಿ ಎಷ್ಟು ಮುದುಕರ ಕಣ್ಣಿನ ಪೊರೆ ತೆಗೆಸಬಹುದಿತ್ತು, ಯಾರಾದರೂ ಲೆಕ್ಕ ಹಾಕಿ ನೋಡಿದ್ದುಂಟೋ ಎಂಬುದು ಅವನ ಪ್ರಶ್ನೆ. ಅಜ್ಜನವರ ಮುಖ ಕೆಂಪಾಯಿತು. ಅನ್ನಕ್ಕೆ ಲೆಕ್ಕ ಇಡುವವನು ವ್ಯಾಪಾರಿಯೇ ಹೊರತು ದಾಸೋಹಿಯಲ್ಲವೆಂದು ಗದರಿದರು. ಸಭೆಯಲ್ಲಿ ಅರ್ಧ ಜನ ಅಜ್ಜನ ಕಡೆ, ಅರ್ಧ ಜನ ಮೊಮ್ಮಗನ ಕಡೆ. ಕೊನೆಗೆ ಎಲ್ಲರೂ ನಮ್ಮ ಮುಖ ನೋಡಿದರು. ನಾವು ಅಂದು ಏನೂ ಹೇಳಲಿಲ್ಲ. ಗಾಂಭೀರ್ಯಕ್ಕಾಗಿ ಸುಮ್ಮನಿದ್ದೆವೆಂದು ಕೆಲವರು ತಿಳಿದಿರಬಹುದು. ಉತ್ತರ ತೋಚಲಿಲ್ಲವೆಂಬುದೇ ನಿಜ.

ಮರುದಿನ ಪೂಜೆ ಮುಗಿಸಿ ಕುಳಿತಾಗ ಒಬ್ಬ ತಾಯಿಯ ಜೀವನ ನೆನಪಾಯಿತು. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ನಿಮ್ಮಲ್ಲಿ ಬಹುಮಂದಿ ಶಾಲೆಯ ಪಾಠದಲ್ಲಿ ಓದಿದ್ದೀರಿ. ರಾತ್ರಿಯ ಹೊತ್ತು ದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಯಿಂದ ಹಾಸಿಗೆಗೆ ನಡೆದ ಪುಣ್ಯವಂತೆ ಎಂದು ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಪಾಠದಲ್ಲಿ ದೀಪ ಬಂತು. ಆಕೆಯ ಮಗ್ಗುಲಲ್ಲಿ ಸದಾ ಇದ್ದ ಲೆಕ್ಕದ ಕಡತ ಬರಲಿಲ್ಲ. ದಾನಕ್ಕೂ ಲೆಕ್ಕಕ್ಕೂ ಇರುವ ನಂಟು ಎಂಥದೆಂದು ತಿಳಿಯಬೇಕಾದರೆ ಆ ಕಡತದ ಕಥೆಯನ್ನು ಕೇಳಬೇಕು.

ಆಕೆ 1820ರ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದಳು. ತಂದೆತಾಯಿ ಇಂಗ್ಲೆಂಡಿನ ಶ್ರೀಮಂತ ಮನೆತನದವರು, ಪ್ರವಾಸದಲ್ಲಿದ್ದಾಗ ಹೆರಿಗೆಯಾಯಿತು, ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಡರ್ಬಿಷೈರಿನಲ್ಲಿ ಒಂದು ದೊಡ್ಡ ಮನೆ, ಹ್ಯಾಂಪ್‌ಷೈರಿನಲ್ಲಿ ಇನ್ನೂ ದೊಡ್ಡ ಮನೆ. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ವಿದ್ಯಾವಂತ. ಗಂಡುಮಕ್ಕಳಿಲ್ಲದ ಆತ ಇಬ್ಬರು ಹೆಣ್ಣುಮಕ್ಕಳಿಗೆ ತಾನೇ ಕುಳಿತು ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದ. ಕಿರಿಯವಳಿಗೆ ಗಣಿತದ ಹುಚ್ಚು. ಮದುವೆಯಾಗಿ ಹೋಗುವ ಹುಡುಗಿಗೆ ಗಣಿತವೇಕೆಂದು ತಾಯಿಗೆ ಅಸಮಾಧಾನ. ಹಟ ಹಿಡಿದು ಅದನ್ನೂ ಕಲಿತಳು.

1837ರ ಫೆಬ್ರವರಿ 7ರಂದು, ಹದಿನಾರು ವರ್ಷದ ಹುಡುಗಿಗೆ ದೇವರು ತನ್ನನ್ನು ಸೇವೆಗೆ ಕರೆದನೆಂಬ ಅನುಭವವಾಯಿತು. ಕರೆ ಬಂತು, ಯಾವ ಸೇವೆಯೆಂದು ತಿಳಿಯಲಿಲ್ಲ. ಅದು ತಿಳಿಯಲು ವರ್ಷಗಳು ಹಿಡಿದವು. ಹಳ್ಳಿಯ ಬಡವರ ಮನೆಗೆ ತಾಯಿಯೊಡನೆ ಸಾರು, ಬಟ್ಟೆ ಹಂಚಲು ಹೋಗುತ್ತಿದ್ದಳು. ಕಾಯಿಲೆಯವರ ಪಕ್ಕದಿಂದ ಆಕೆಯನ್ನು ಎಬ್ಬಿಸುವುದೇ ಕಷ್ಟವಾಗುತ್ತಿತ್ತು. ದಾದಿಯಾಗುವೆನೆಂದಾಗ ಮನೆಯಲ್ಲಿ ಗೋಳಾಟವೆದ್ದಿತು. ಆ ಕಾಲದಲ್ಲಿ ದಾದಿಯೆಂದರೆ ಕುಡುಕಿ, ನಡತೆಗೆಟ್ಟವಳು ಎಂಬ ಭಾವನೆ ಅಲ್ಲಿ ಬಲವಾಗಿತ್ತು. ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಗುಣವಂತನೊಬ್ಬ ವರ್ಷಗಟ್ಟಲೆ ಕಾದು ಮದುವೆಗೆ ಕೇಳಿದ. ಆತನ ಮೇಲೆ ಮನಸ್ಸಿದ್ದರೂ ಒಲ್ಲೆನೆಂದಳು. ನಸುಕಿನಲ್ಲಿ ಮನೆಯವರು ಏಳುವ ಮೊದಲೇ ಮೇಣದಬತ್ತಿ ಹಚ್ಚಿಕೊಂಡು ಆಸ್ಪತ್ರೆಗಳ ಸರ್ಕಾರಿ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ನಮ್ಮಲ್ಲಿ ಮಠಕ್ಕೆ ಬಂದ ವಟು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಪಾಠ ಒಪ್ಪಿಸುವಂತೆ ಆಕೆಯ ಅಂಕಿಗಳ ಅಭ್ಯಾಸ ನಡೆಯಿತು.

1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ಶುಶ್ರೂಷೆಯ ಕೆಲಸ ಕಲಿತಳು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು. ತಂದೆ ಮನಸ್ಸು ಕರಗಿ ವರ್ಷಕ್ಕೆ 500 ಪೌಂಡ್ ಕೊಡಲು ಒಪ್ಪಿದ. ಆ ಆಸ್ಪತ್ರೆಯ ಆಡಳಿತದವರು ತಮ್ಮ ಪಂಥದ ರೋಗಿಗಳನ್ನು ಮಾತ್ರ ಸೇರಿಸಬೇಕೆಂದರು. ಎಲ್ಲ ಮತದವರನ್ನೂ ಸೇರಿಸಿಕೊಳ್ಳುವುದಾದರೆ ಇರುತ್ತೇನೆ, ಇಲ್ಲವಾದರೆ ಹೊರಡುತ್ತೇನೆಂದು ಆಕೆ ನಿಂತಳು. ಅವರೇ ಬಾಗಬೇಕಾಯಿತು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂತು. ರಷ್ಯದ ವಿರುದ್ಧ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದಾಗಿ ಹೋರಾಡಿದ ಯುದ್ಧವದು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಹೇರಿ ಸ್ಕುಟಾರಿಗೆ ತರುತ್ತಿದ್ದರು. ಈಗ ಅದು ಇಸ್ತಾಂಬುಲ್ ನಗರದೊಳಗೇ ಸೇರಿದೆ. ಅಲ್ಲಿನ ದುರವಸ್ಥೆಯನ್ನು ಪತ್ರಿಕೆಗಳು ಬರೆದಾಗ ಇಂಗ್ಲೆಂಡಿನ ಜನ ಕಣ್ಣೀರಿಟ್ಟರು. ಟೈಮ್ಸ್ ಪತ್ರಿಕೆ ನಿಧಿ ತೆರೆಯಿತು, ಹಣ ಹರಿದು ಬಂತು. ಯುದ್ಧದ ಹಣಕಾಸು ನೋಡುತ್ತಿದ್ದ ಮಂತ್ರಿ ಸಿಡ್ನಿ ಹರ್ಬರ್ಟ್ ಆಕೆಯ ಸ್ನೇಹಿತ. ಆತನ ಕೋರಿಕೆಯಂತೆ 38 ಮಂದಿ ದಾದಿಯರನ್ನು ಕರೆದುಕೊಂಡು 1854ರ ನವೆಂಬರ್ 4ರಂದು ಸ್ಕುಟಾರಿಗೆ ಬಂದಿಳಿದಳು.

ಸೈನಿಕರ ದಂಡಿನ ಮನೆಯೊಂದನ್ನೇ ಆಸ್ಪತ್ರೆ ಮಾಡಿದ್ದರು. ಮೈಲಿಗಟ್ಟಲೆ ಹಾಸಿಗೆಗಳು. ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿದವರು ಎಷ್ಟೋ ಮಂದಿ. ಅಂಗಿ ಇಲ್ಲ, ತಟ್ಟೆ ಇಲ್ಲ, ಸಾಬೂನಿಲ್ಲ, ಗಾಯ ಒರೆಸಲು ಬಟ್ಟೆಯಿಲ್ಲ. ಉಗ್ರಾಣದಲ್ಲಿ ಇದ್ದದ್ದನ್ನೂ ಸಹಿಗಳು ಕೂಡಿಬರುವವರೆಗೆ ಹೊರಗೆ ಕೊಡುವಂತಿರಲಿಲ್ಲ. ನವೆಂಬರ್ 14ರ ಬಿರುಗಾಳಿಯಲ್ಲಿ ಪ್ರಿನ್ಸ್ ಎಂಬ ಹಡಗು ಮುಳುಗಿ ಸೈನ್ಯದ ಚಳಿಗಾಲದ ಬಟ್ಟೆಯೆಲ್ಲ ಸಮುದ್ರದ ಪಾಲಾಯಿತು. ಆಕೆ ಟೈಮ್ಸ್ ನಿಧಿಯ ದುಡ್ಡಿನಿಂದಲೂ ತನ್ನ ಕೈಯ ದುಡ್ಡಿನಿಂದಲೂ ಪೇಟೆಯಲ್ಲಿ ಕೊಂಡು ಹಂಚಿದಳು. ಬಾಡಿಗೆ ಮನೆ ಹಿಡಿದು ಹಂಡೆ ಹೂಡಿಸಿ ಸೈನಿಕರ ಹೆಂಡಿರಿಂದ ಬಟ್ಟೆ ಒಗೆಸಿದಳು. ಬೇರೆ ಅಡುಗೆಮನೆ ಮಾಡಿ ಗಂಜಿ, ಸಾರು ಕಾಯಿಸಿದಳು. ಕೊಟ್ಟ ಪ್ರತಿ ಅಂಗಿಗೂ ಪ್ರತಿ ಚಮಚಕ್ಕೂ ಲೆಕ್ಕ ಬರೆದಳು. ರಾತ್ರಿ ದೀಪ ಹಿಡಿದು ತಿರುಗಿದ್ದು ಆಗಲೇ. ಸಾಯುವವರ ಪಕ್ಕದಲ್ಲಿ ಕುಳಿತಳು, ಸತ್ತವರ ತಾಯಂದಿರಿಗೆ ಕಾಗದ ಬರೆದಳು. ನಮ್ಮ ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ.

ಮುಂದಿನದನ್ನು ಸಮಾಧಾನದಿಂದ ಕೇಳಬೇಕು. ಇಷ್ಟೆಲ್ಲ ಸೇವೆ ನಡೆದ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ 42 ಮಂದಿ ಸತ್ತರು. ಗಂಜಿಯಿತ್ತು, ಒಗೆದ ಬಟ್ಟೆಯಿತ್ತು, ಪ್ರೀತಿಯಿತ್ತು, ಇಂಗ್ಲೆಂಡಿನ ಜನರ ದಾನವಿತ್ತು. ಆದರೂ ಸತ್ತರು. ಮಾರ್ಚಿನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ವೈದ್ಯ ಜಾನ್ ಸದರ್ಲೆಂಡ್, ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಅದರ ಮುಖ್ಯರು. ಅವರು ರೋಗಿಗಳ ಮುಖ ನೋಡುವ ಮೊದಲು ಕಟ್ಟಡದ ಬುಡ ನೋಡಿದರು. ಕೆಳಗಿನ ಮೋರಿಗಳು ಕಟ್ಟಿಕೊಂಡು ಕೊಳೆತು ಅದರ ವಿಷಗಾಳಿ ವಾರ್ಡುಗಳಿಗೆ ಬರುತ್ತಿತ್ತು. ಕುಡಿಯುವ ನೀರು ಬರುವ ಕಾಲುವೆಯಲ್ಲಿ ಕುದುರೆಯ ಹೆಣ ಬಿದ್ದಿತ್ತು. ಮೋರಿ ತೊಳೆಸಿ, ನೀರು ಶುದ್ಧಿ ಮಾಡಿಸಿ, ಗೋಡೆಗೆ ಸುಣ್ಣ ಬಳಿಸಿ, ಗಾಳಿಗೆ ದಾರಿ ಬಿಡಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಅಲ್ಲಿದ್ದಾಗ ಆಕೆಗೆ ಇದರ ಪೂರ್ಣ ಅರ್ಥವಾಗಲಿಲ್ಲ. ಆಹಾರದ ಕೊರತೆ, ಬಟ್ಟೆಯ ಕೊರತೆ, ಬಳಲಿ ಬಂದ ಸೈನಿಕರು, ಇವೇ ಸಾವಿಗೆ ಕಾರಣವೆಂದು ನಂಬಿದ್ದಳು. 1856ರ ಆಗಸ್ಟಿನಲ್ಲಿ ಮೆರವಣಿಗೆ ಬೇಡವೆಂದು ಬೇರೆ ಹೆಸರಿನಲ್ಲಿ ಸದ್ದಿಲ್ಲದೆ ಊರಿಗೆ ಮರಳಿದಳು. ದೇಶವೇ ಆಕೆಯನ್ನು ದೇವತೆಯೆಂದು ಹಾಡುತ್ತಿತ್ತು. ಆಕೆ ಮಾತ್ರ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಕುಳಿತು ಸತ್ತವರನ್ನು ತಿಂಗಳುವಾರು, ಕಾರಣವಾರು, ಆಸ್ಪತ್ರೆವಾರು ವಿಂಗಡಿಸಿದಳು. ಯುದ್ಧದಲ್ಲಿ ಹೊಡೆದಾಟದಿಂದಲೂ ಗಾಯದಿಂದಲೂ ಸತ್ತ ಬ್ರಿಟಿಷ್ ಸೈನಿಕರು 5,000ಕ್ಕಿಂತ ಕಡಿಮೆ. ರೋಗದಿಂದ ಸತ್ತವರು ಸುಮಾರು 16,000. ಅದರಲ್ಲೂ ತಾನಿದ್ದ ಸ್ಕುಟಾರಿಯಲ್ಲಿ ಆ ಚಳಿಗಾಲದ ಸಾವು ಅತಿ ಹೆಚ್ಚು. ಯಾವ ಆಸ್ಪತ್ರೆಯಲ್ಲಿ ತಾನು ಹಗಲಿರುಳು ದುಡಿದಳೋ ಅದೇ ಸಾವಿನ ಮನೆಯಾಗಿತ್ತೆಂಬುದನ್ನು ಅಂಕಿಗಳು ಹೇಳಿದವು.

ಭಕ್ತ ಬಾಂಧವರೇ, ಈ ಮಾತು ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆವು. ನಮ್ಮ ಪಟ್ಟಾಧಿಕಾರವಾದ ಹೊಸದರಲ್ಲಿ ಒಂದು ಬೇಸಿಗೆಯ ಜಾತ್ರೆಯಲ್ಲಿ ದಾಸೋಹ ಬಹಳ ವಿಜೃಂಭಣೆಯಿಂದ ನಡೆಯಿತು. ಎಷ್ಟು ಎಲೆ ಬಿತ್ತು, ಎಷ್ಟು ಮೂಟೆ ಅಕ್ಕಿ ಬೆಂದಿತು ಎಂದು ನಾವು ಹೆಮ್ಮೆಯಿಂದ ಕೇಳಿ ತಿಳಿದುಕೊಂಡೆವು. ಜಾತ್ರೆ ಮುಗಿದ ವಾರದಲ್ಲಿ ಸುತ್ತಿನ ಹಳ್ಳಿಗಳಲ್ಲಿ ವಾಂತಿಭೇದಿ ಕಾಣಿಸಿತು. ಬಿಸಿಲಿನ ದೋಷವೆಂದರು ಕೆಲವರು, ಗ್ರಹಚಾರವೆಂದರು ಕೆಲವರು. ಬಂದ ಆರೋಗ್ಯ ಸಿಬ್ಬಂದಿಯ ಒಬ್ಬ ಹುಡುಗ ಮನೆಮನೆಗೆ ಹೋಗಿ ಯಾರು ಎಲ್ಲಿ ನೀರು ಕುಡಿದರೆಂದು ಬರೆದುಕೊಂಡ. ಬಹುಪಾಲು ಮಂದಿ ಕುಡಿದದ್ದು ನಾವೇ ಇಡಿಸಿದ್ದ ಅರವಟ್ಟಿಗೆಯ ನೀರು. ಹಳೆಯ ಬಾವಿಯಿಂದ ಸೇದಿಸಿ ತುಂಬಿಸಿದ್ದೆವು. ದೇವರ ದಯೆಯಿಂದ ಯಾರೂ ಸಾಯಲಿಲ್ಲ. ಆದರೆ ಆ ಹುಡುಗ ಪಟ್ಟಿ ಬರೆಯದಿದ್ದರೆ ಮುಂದಿನ ವರ್ಷವೂ ಅದೇ ನೀರನ್ನು ಪುಣ್ಯಕಾರ್ಯವೆಂದು ಕುಡಿಸುತ್ತಿದ್ದೆವು. ಎಲೆಯನ್ನು ಎಣಿಸಿದ ನಾವು ಕಾಯಿಲೆಯನ್ನು ಎಣಿಸಿರಲಿಲ್ಲ. ಇದನ್ನು ಇದುವರೆಗೆ ಸಭೆಯಲ್ಲಿ ಹೇಳಿರಲಿಲ್ಲ.

ನೈಟಿಂಗೇಲ್ ಮುಚ್ಚಿಡಲಿಲ್ಲ. 1858ರಲ್ಲಿ ಸೈನ್ಯದ ಆರೋಗ್ಯದ ಕುರಿತು ಬೃಹತ್ ವರದಿ ಬರೆದು ಅಚ್ಚು ಹಾಕಿಸಿದಳು. ಅಂಕಿ ಕಂಡರೆ ಮಂತ್ರಿಗಳು ಪುಟ ಮಗುಚುತ್ತಾರೆಂದು ಬಲ್ಲ ಆಕೆ, ಸಾವುಗಳನ್ನು ಬಣ್ಣದ ಚಿತ್ರವಾಗಿ ಬರೆಸಿದಳು. ಒಂದು ಚಕ್ರ, ಅದರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಹೋಳು. ತಪ್ಪಿಸಬಹುದಾಗಿದ್ದ ರೋಗದ ಸಾವಿಗೆ ಒಂದು ಬಣ್ಣ, ಗಾಯದ ಸಾವಿಗೆ ಒಂದು, ಉಳಿದದ್ದಕ್ಕೆ ಒಂದು. ಓದು ಬಾರದವನೂ ನೋಡಿದೊಡನೆ ತಿಳಿಯುವಂತಿತ್ತು. ಯುದ್ಧವಿಲ್ಲದ ಕಾಲದಲ್ಲೂ ತಮ್ಮ ದೇಶದಲ್ಲೇ ದಂಡಿನಲ್ಲಿ ವಾಸಿಸುವ ಸೈನಿಕರು ಅದೇ ವಯಸ್ಸಿನ ಊರಿನವರಿಗಿಂತ ಸುಮಾರು ಇಮ್ಮಡಿ ಸಾಯುತ್ತಿದ್ದರೆಂಬುದೂ ಆ ಲೆಕ್ಕದಿಂದ ಹೊರಬಂತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯಾಗಿ ಆರಿಸಿತು. ಹೆಂಗಸೊಬ್ಬಳು ಆ ಸಂಘ ಸೇರಿದ್ದು ಅದೇ ಮೊದಲು. ಆ ಹೊತ್ತಿಗೆ ಯುದ್ಧಭೂಮಿಯಲ್ಲಿ ತಗುಲಿದ ಜ್ವರದಿಂದ ಆಕೆಯ ದೇಹ ಜರ್ಜರವಾಗಿತ್ತು. ಮುಂದೆ ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಒರಗಿ ಕುಳಿತು ಕಾಗದಗಳ ನಡುವೆ ಕೆಲಸ ಮಾಡಿದಳು.

ಇನ್ನು ಆಕೆಯ ಹೆಸರಿನಲ್ಲಿ ಕೂಡಿದ ದಾನದ ಕಥೆ. ಯುದ್ಧ ಮುಗಿಯುವ ಮೊದಲೇ, 1855ರ ನವೆಂಬರಿನಲ್ಲಿ, ಜನ ಸೇರಿ ನೈಟಿಂಗೇಲ್ ನಿಧಿ ತೆರೆದರು. ಸುಮಾರು 45,000 ಪೌಂಡ್ ಕೂಡಿತು. ಸಾಮಾನ್ಯ ಸೈನಿಕರು ಒಂದು ದಿನದ ಸಂಬಳ ಕೊಟ್ಟರು. ಬಡವನ ಒಂದು ದಿನದ ಕೂಲಿ ಎಂದರೆ ಎಷ್ಟು ಭಾರವೆಂದು ನಿಮಗೆ ಹೇಳಬೇಕಾಗಿಲ್ಲ. ಆ ಹಣದಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಶುರುವಾಯಿತು. ಅದರ ಕೀರ್ತಿ ಎಲ್ಲರಿಗೂ ಗೊತ್ತು. ಅದೇ ನಿಧಿಯಿಂದ ಇನ್ನೊಂದು ಕೆಲಸವೂ ನಡೆಯಿತು, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಒಂದು ಹೆರಿಗೆ ವಾರ್ಡು ತೆರೆದರು. ಬಡ ಹೆಂಗಸರಿಗೆ ಹೆರಿಗೆಗೆ ಶುಚಿಯಾದ ಜಾಗ, ಹಳ್ಳಿಗಳಿಂದ ಬಂದ ಹೆಂಗಸರಿಗೆ ಸೂಲಗಿತ್ತಿಯ ವಿದ್ಯೆ, ಎರಡೂ ಒಟ್ಟಿಗೆ ನಡೆಯಬೇಕೆಂಬ ಉದ್ದೇಶ. ಇದಕ್ಕಿಂತ ಪುಣ್ಯದ ಕೆಲಸ ಯಾವುದಿದೆ? ಬಾಣಂತಿಯ ಸೇವೆಯನ್ನು ನಮ್ಮ ಹಿರಿಯರು ಎಷ್ಟು ದೊಡ್ಡದೆಂದು ಎಣಿಸಿದ್ದಾರೆಂಬುದನ್ನು ಇಲ್ಲಿ ಕುಳಿತ ಅಜ್ಜಿಯರು ಬಲ್ಲರು.

ವಾರ್ಡು ಅಚ್ಚುಕಟ್ಟಾಗಿತ್ತು. ಸೇವೆಗಿದ್ದ ಹೆಂಗಸರು ಧರ್ಮಭೀರುಗಳು. ಆದರೂ ಬಾಣಂತಿ ಜ್ವರದಿಂದ ಒಬ್ಬೊಬ್ಬರೇ ಸಾಯತೊಡಗಿದರು. 1862ರಿಂದ 1867ರವರೆಗೆ ಅಲ್ಲಿ 780 ಹೆರಿಗೆಗಳಾದವು, 27 ತಾಯಂದಿರು ಸತ್ತರು. ಅಂದರೆ 29 ಮಂದಿಗೆ ಒಬ್ಬಳು. ಅದೇ ಕಾಲದಲ್ಲಿ ಇಂಗ್ಲೆಂಡಿನ ಬಡ ಹೆಂಗಸರು ತಮ್ಮ ಹರಕು ಗುಡಿಸಲಿನಲ್ಲಿ, ಹೊಗೆಯಲ್ಲಿ, ಕೊಳಕು ಕೇರಿಯಲ್ಲಿ ಹೆತ್ತಾಗಲೂ ಸಾವಿರಕ್ಕೆ ಐದರ ಸುಮಾರು, ಎಂದರೆ ಇನ್ನೂರಕ್ಕೆ ಒಬ್ಬಳು ಸಾಯುತ್ತಿದ್ದಳು. ದಾನದ ವಾರ್ಡಿಗೆ ಬಂದವಳಿಗಿಂತ, ಯಾವ ದಾನವೂ ಸಿಗದೆ ಮನೆಯಲ್ಲೇ ಉಳಿದವಳು ಬದುಕುವ ಸಂಭವ ಹೆಚ್ಚಾಗಿತ್ತು.

1867ರಲ್ಲಿ ವಾರ್ಡನ್ನು ಮುಚ್ಚಿದರು. ಇದೇನು ಸುಲಭದ ಮಾತಲ್ಲ. ಕಟ್ಟಿದ ಧರ್ಮಶಾಲೆಯನ್ನು ಮುಚ್ಚುವುದೆಂದರೆ ಕೊಟ್ಟವರಿಗೆ ಅವಮಾನ, ಮಾಡಿದವರಿಗೆ ಅಪಕೀರ್ತಿ. ಬದುಕಿ ಮಗುವನ್ನೆತ್ತಿಕೊಂಡು ಹೋದ 753 ತಾಯಂದಿರಲ್ಲಿ ಹತ್ತು ಮಂದಿಯನ್ನು ಕರೆಸಿ ನಿಲ್ಲಿಸಿದ್ದರೆ ಸಭೆಯೆಲ್ಲ ಚಪ್ಪಾಳೆ ತಟ್ಟಿ ವಾರ್ಡು ಮುಂದುವರಿಯಲೆನ್ನುತ್ತಿತ್ತು. ಬದುಕಿದವರು ಎದುರಿಗೆ ಬಂದು ಕೈಮುಗಿಯುತ್ತಾರೆ. ಸತ್ತವರು ಬಂದು ದೂರು ಹೇಳುವುದಿಲ್ಲ. ಸತ್ತವರ ಪರವಾಗಿ ಮಾತಾಡಲು ಅಂಕಿಯ ಹೊರತು ಬೇರೆ ಯಾರೂ ಇರಲಿಲ್ಲ. ನೈಟಿಂಗೇಲ್ ಅಷ್ಟಕ್ಕೇ ಬಿಡದೆ ಬೇರೆ ಬೇರೆ ಹೆರಿಗೆ ಆಸ್ಪತ್ರೆಗಳ ಲೆಕ್ಕ ತರಿಸಿ 1871ರಲ್ಲಿ ಒಂದು ಪುಸ್ತಕ ಪ್ರಕಟಿಸಿದಳು. ಬಾಣಂತಿಯರನ್ನು ಗುಂಪಾಗಿ ಒಂದೆಡೆ ಮಲಗಿಸುವುದು, ಬೇರೆ ರೋಗಿಗಳನ್ನು ಮುಟ್ಟಿದ ಕೈಗಳು ಅವರ ಬಳಿ ಬರುವುದು ಅಪಾಯವೆಂದು ತೋರಿಸಿದಳು. ಹಾಗೆಂದು ತನಗೆ ಎಲ್ಲವೂ ತಿಳಿಯಿತೆಂದು ಹೇಳಿಕೊಳ್ಳಲಿಲ್ಲ. ಸಿಕ್ಕ ಲೆಕ್ಕಗಳು ಅಪೂರ್ಣ, ಇನ್ನೂ ಸರಿಯಾದ ಲೆಕ್ಕ ಇಡುವುದನ್ನು ಎಲ್ಲರೂ ಕಲಿಯಬೇಕೆಂದು ಆ ಪುಸ್ತಕದಲ್ಲಿಯೇ ಬರೆದಳು. ಅಂಕಿ ಹಿಡಿದು ಹೊರಟವರಲ್ಲಿ ಈ ವಿನಯ ಅಪರೂಪ. ನಮ್ಮ ಸಭೆಯ ಹುಡುಗನೂ ಇದನ್ನು ಗಮನಿಸಬೇಕು.

ಇಲ್ಲಿಯವರೆಗೆ ಕೇಳಿದವರು ನಾವು ಮೊಮ್ಮಗನ ಪಕ್ಷವೆಂದು ತಿಳಿದಿರಬಹುದು. ಸ್ವಲ್ಪ ತಾಳಿ. ಆಕೆಯ ಬದುಕಿನ ಇನ್ನೊಂದು ಭಾಗ ನಮ್ಮ ನಾಡಿನ ಕಡೆಗೆ ಬರುತ್ತದೆ.

ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಸುಮಾರು ನಾಲ್ವತ್ತು ವರ್ಷ ಭಾರತದ ಚಿಂತೆ ಮಾಡಿದಳು. 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಇಲ್ಲಿನ ದಂಡಿನ ಊರುಗಳಿಗೆಲ್ಲ ಪ್ರಶ್ನಾವಳಿ ಕಳಿಸಿ ಉತ್ತರಗಳನ್ನು ತರಿಸಿಕೊಂಡಳು. 1863ರಲ್ಲಿ ವರದಿ ಬಂದಾಗ ಇಲ್ಲಿದ್ದ ಬ್ರಿಟಿಷ್ ಸೈನಿಕರ ಸಾವು ವರ್ಷಕ್ಕೆ ಸಾವಿರಕ್ಕೆ 69 ಎಂದು ಗೊತ್ತಾಯಿತು. ನೀರು, ಚರಂಡಿ, ವಸತಿ ಸುಧಾರಿಸಿದ ಮೇಲೆ ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು. ಮೊದಮೊದಲು ಆಕೆಯ ಗಮನ ತನ್ನವರ ಮೇಲೆಯೇ ಇತ್ತು, ಅದನ್ನು ಮರೆಮಾಚುವುದು ಬೇಡ. ಬರಬರುತ್ತ ಇಲ್ಲಿನ ರೈತನ ಮೇಲೆ ಹರಿಯಿತು.

ಧಾತು, ಈಶ್ವರ ಸಂವತ್ಸರಗಳ ಬರದ ಮಾತನ್ನು ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದವರು ಈಗಲೂ ಅಲ್ಲಲ್ಲಿ ಇದ್ದಾರೆ. ಅದು 1876ರಿಂದ 1878ರವರೆಗಿನ ಬರ. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಉಳಿದವರು 42 ಲಕ್ಷಕ್ಕೂ ಕಡಿಮೆ. ಬಳ್ಳಾರಿ, ಕಲಾದಗಿ, ಧಾರವಾಡ ಸೀಮೆಗಳೂ ಬೆಂದವು. ಆಗ ಸರ್ಕಾರದ ಕಡೆಯಿಂದ ಪರಿಹಾರ ಕಾರ್ಯವನ್ನು ನೋಡಲು ಬಂದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಈತನ ಹಿಂದಿನ ಕಥೆ ತಿಳಿದರೆ ಆಶ್ಚರ್ಯವಾಗುತ್ತದೆ. 1873-74ರಲ್ಲಿ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿಸಿದವನು ಇವನೇ. ಅಲ್ಲಿ ಹಸಿವಿನಿಂದ ಸತ್ತವರು ಬಹಳ ಕಡಿಮೆ. ಅದಕ್ಕಾಗಿ ಅವನಿಗೆ ಸಿಕ್ಕಿದ್ದು ಪ್ರಶಂಸೆಯಲ್ಲ, ದುಂದು ಮಾಡಿದನೆಂಬ ಬೈಗುಳ. ಬೈಗುಳಕ್ಕೆ ಹೆದರಿದವನು ದಕ್ಷಿಣಕ್ಕೆ ಬಂದಾಗ ಕೈ ಬಿಗಿ ಹಿಡಿದ. 1877ರ ಜನವರಿಯಲ್ಲಿ ಮದ್ರಾಸ್ ಪ್ರಾಂತ್ಯದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಮಣ್ಣು ಹೊರುವ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರ ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಸಾಕೆಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ನಮ್ಮ ಹಳೆಯ ತೂಕದಲ್ಲಿ ಅರ್ಧ ಸೇರಿಗೂ ತುಸು ಕಡಿಮೆ.

ನೋಡಿ, ಇದೂ ಲೆಕ್ಕವೇ! ತಲೆಗೆ ಇಷ್ಟು, ದಿನಕ್ಕೆ ಇಷ್ಟು, ಒಟ್ಟು ಉಳಿತಾಯ ಇಷ್ಟು ಎಂದು ಅಚ್ಚುಕಟ್ಟಾಗಿ ಬರೆದ ಲೆಕ್ಕ. ಅಜ್ಜನವರು ಗದರಿದ್ದು ಈ ಲೆಕ್ಕವನ್ನೇ. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ಯಾರೂ ತಿಳಿಯಬಾರದು. ಈ ನೆಲ ಅಂಥ ಲೆಕ್ಕವನ್ನು ಕಂಡಿದೆ. ಮದ್ರಾಸಿನ ನೈರ್ಮಲ್ಯ ಅಧಿಕಾರಿಯಾಗಿದ್ದ ವೈದ್ಯ ಕಾರ್ನಿಷ್ ಅದನ್ನು ಎದುರಿಸಿದ. ಮೈಮುರಿದು ದುಡಿಯುವವನ ದೇಹ ಇಷ್ಟರಲ್ಲಿ ನಿಲ್ಲದೆಂದು ಬರೆದ, ಕಾಮಗಾರಿಯ ಶಿಬಿರಗಳಲ್ಲಿ ಸಾಯುತ್ತಿದ್ದವರ ಸಂಖ್ಯೆಯನ್ನು ಸರ್ಕಾರದ ಮುಂದಿಟ್ಟ. ಕೆಲವು ತಿಂಗಳ ಮೇಲೆ ಅಳತೆಯನ್ನು ಹೆಚ್ಚಿಸಬೇಕಾಯಿತು. ಒಬ್ಬ ಖರ್ಚಾದ ಕಾಸು ಎಣಿಸಿದ, ಇನ್ನೊಬ್ಬ ಹೋದ ಜೀವ ಎಣಿಸಿದ.

ಲಂಡನ್ನಿನ ಹಾಸಿಗೆಯಲ್ಲಿದ್ದ ನೈಟಿಂಗೇಲ್ ಎರಡನೆಯವನ ಕಡೆ ನಿಂತಳು. 1878ರ ಆಗಸ್ಟಿನಲ್ಲಿ ಭಾರತದ ಜನರ ಕುರಿತು ಅಲ್ಲಿನ ಪ್ರಸಿದ್ಧ ಮಾಸಪತ್ರಿಕೆಯೊಂದರಲ್ಲಿ ಲೇಖನ ಬರೆದು, ಬರದಲ್ಲಿ ಸತ್ತ ಲಕ್ಷಾಂತರ ಮಂದಿಯ ವಿಷಯವನ್ನೂ ರೈತನನ್ನು ಹಿಂಡುವ ಸಾಲಗಾರರ ವಿಷಯವನ್ನೂ ಎತ್ತಿದಳು. ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಬರ ಬಂದಾಗ ಗಂಜಿ ಹಾಕಿ ಕೈತೊಳೆದುಕೊಳ್ಳುವುದು ಸಾಲದು, ಕೆರೆ ಕಾಲುವೆ ಬೇಕೆಂದು ಸರ್ ಆರ್ಥರ್ ಕಾಟನ್ ಜೊತೆಗೂಡಿ ವಾದಿಸಿದಳು. ಯಾವ ಜಿಲ್ಲೆಯಲ್ಲಿ ಎಷ್ಟು ನೀರಾವರಿ, ಅದರಿಂದ ಎಷ್ಟು ಫಲವೆಂಬ ಸರಿಯಾದ ಲೆಕ್ಕವನ್ನು ಸರ್ಕಾರದಿಂದ ಕೇಳಿ ಕೇಳಿ ಬೇಸತ್ತಳು.

ನಮ್ಮ ಪರಂಪರೆಯಲ್ಲಿ ಅಳತೆಯೇ ಇಲ್ಲವೆಂದು ಅಜ್ಜನವರು ಹೇಳಿದ್ದರಲ್ಲ, ಅದಕ್ಕೊಂದು ಮಾತು. ಆಯ್ದಕ್ಕಿ ಲಕ್ಕಮ್ಮನ ಕಥೆ ಅವರೇ ನಮಗಿಂತ ಚೆನ್ನಾಗಿ ಹೇಳಬಲ್ಲರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ಮಾಡುವ ಕಾಯಕ ಅವರದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಒಪ್ಪದೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳಿಸಿದಳು. ಅಕ್ಕಿಯ ಅಳತೆ ತಿಳಿಯದವಳು ಹಾಗೆ ಕಳಿಸಲು ಬರುತ್ತಿತ್ತೇ? ಆಕೆ ಅಳೆದದ್ದು ಜಂಗಮನ ಹಸಿವಿಗೆ ಎಷ್ಟು ಕಡಿಮೆ ಹಾಕಬಹುದೆಂದಲ್ಲ, ತನ್ನ ಆಸೆ ಎಲ್ಲಿ ಮೇರೆ ಮೀರಿತೆಂದು.

ನೈಟಿಂಗೇಲಳ ಕೊನೆಯ ದೊಡ್ಡ ಯತ್ನ ಸಫಲವಾಗಲಿಲ್ಲ. ಸೃಷ್ಟಿಯ ನಿಯಮಗಳು ದೇವರ ಸಂಕಲ್ಪ, ಅವನ್ನು ಅಂಕಿಗಳ ಮೂಲಕ ಅರಿಯುವುದು ಆತನ ಆರಾಧನೆಯೇ ಎಂಬ ನಂಬಿಕೆ ಆಕೆಯದು. 1891ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಗೆ ಬರೆದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಗೆ ಒಂದು ಪೀಠ ಸ್ಥಾಪಿಸಬೇಕು, ತಾನೂ ಹಣ ಕೊಡುವೆನೆಂದಳು. ಮಂತ್ರಿಗಳು ಕಾನೂನು ಮಾಡುತ್ತಾರೆ, ಹಣ ಸುರಿಯುತ್ತಾರೆ, ಆಮೇಲೆ ಅದರಿಂದ ಏನಾಯಿತೆಂದು ತಿರುಗಿ ನೋಡುವುದಿಲ್ಲ ಎಂಬುದು ಆಕೆಯ ಕೊರಗು. ಶಾಲೆಗೆ ಹೋದ ಮಕ್ಕಳಲ್ಲಿ ಕಲಿತದ್ದನ್ನು ಮರೆಯುವವರು ಎಷ್ಟು? ಬಡವರ ಆಶ್ರಯದಲ್ಲಿ ಬೆಳೆದವರು ಮುಂದೆ ಸ್ವಂತ ಕಾಲಿನ ಮೇಲೆ ನಿಲ್ಲುತ್ತಾರೋ, ಮತ್ತೆ ಆಶ್ರಯಕ್ಕೇ ಬರುತ್ತಾರೋ? ಭಾರತದ ಜನ ಮೊದಲಿಗಿಂತ ಹೆಚ್ಚು ಉಣ್ಣುತ್ತಿದ್ದಾರೋ, ಕಡಿಮೆಯೋ? ಇಂಥ ಪ್ರಶ್ನೆಗಳ ಪಟ್ಟಿಯನ್ನೇ ಬರೆದು ಕಳಿಸಿದಳು. ಪೀಠ ಸ್ಥಾಪನೆಯಾಗಲಿಲ್ಲ. ನಮ್ಮ ಪ್ರಸಾದ ನಿಲಯದ ಹುಡುಗರ ವಿಷಯದಲ್ಲಿ ಇದೇ ಪ್ರಶ್ನೆ ಯಾರಾದರೂ ಕೇಳಿದರೆ ನಮ್ಮ ಬಳಿ ದಾಖಲಾತಿ ಪುಸ್ತಕವಿದೆ. ಬಿಟ್ಟುಹೋದ ಮೇಲೆ ಅವರು ಏನಾದರೆಂಬ ಪುಸ್ತಕ ಇಲ್ಲ.

ಇಷ್ಟು ಲೆಕ್ಕದ ಹೆಂಗಸು ಸ್ವಂತ ವ್ಯವಹಾರದಲ್ಲಿ ಹೇಗಿದ್ದಳೆಂದರೆ, ತಂದೆಯ ಊರಿನ ಸುತ್ತಿನ ಬಡವರಿಗೆ ಕಾಯಿಲೆಯಾದಾಗ ವೈದ್ಯನ ಬಿಲ್ಲನ್ನು ತಾನೇ ಕಟ್ಟುತ್ತಿದ್ದಳು, ಹಾಲು, ಮಾಂಸ ಕಳಿಸುತ್ತಿದ್ದಳು. ಆ ಒಬ್ಬ ಮುದುಕಿಗೆ ಕೊಡುವ ಹಾಲಿನಲ್ಲಿ ಬೇರೆಡೆ ಎಷ್ಟು ಜೀವ ಉಳಿಯುತ್ತಿತ್ತೆಂದು ಅಲ್ಲಿ ಗುಣಿಸಲಿಲ್ಲ. ಗುರುತಿನ ಮನೆಗೆ ಕೊಡುವ ಕೈ ಬೇರೆ, ಊರಿಗೆಲ್ಲ ಮಾಡುವ ವ್ಯವಸ್ಥೆ ಬೇರೆ ಎಂದು ತಿಳಿದಿದ್ದಳೆಂದು ನಮಗೆ ತೋರುತ್ತದೆ. ಇದು ನಮ್ಮ ಅಭಿಪ್ರಾಯ, ಒಪ್ಪದವರು ಬಿಡಬಹುದು.

ಕಡೆಯ ವರ್ಷಗಳಲ್ಲಿ ಕಣ್ಣು ಹೋಯಿತು, ನೆನಪು ಮಾಸಿತು. 1907ರಲ್ಲಿ ರಾಜನಿಂದ ಆರ್ಡರ್ ಆಫ್ ಮೆರಿಟ್ ಎಂಬ ಬಿರುದು ಬಂತು. ಆ ಗೌರವ ಹೆಂಗಸಿಗೆ ಸಂದದ್ದು ಅದೇ ಮೊದಲು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ಲಂಡನ್ನಿನ ಮನೆಯಲ್ಲಿ ದೇಹ ಬಿಟ್ಟಳು. ರಾಜರು ಮಲಗಿರುವ ವೆಸ್ಟ್‌ಮಿನ್ಸ್ಟರ್ ಮಂದಿರದಲ್ಲಿ ಸಮಾಧಿ ಮಾಡಲು ಸರ್ಕಾರ ಸಿದ್ಧವಿತ್ತು. ಆಕೆಯ ಇಚ್ಛೆಯಂತೆ ಮನೆಯವರು ಬೇಡವೆಂದು ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ, ತಂದೆತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ, ಅಷ್ಟೇ ಬರೆದಿದೆ.

ನಮ್ಮ ಸಭೆಯ ವಿಷಯಕ್ಕೆ ಬಂದರೆ, ಬರುವ ಜಾತ್ರೆಯಲ್ಲಿ ದಾಸೋಹ ಎಂದಿನಂತೆ ನಡೆಯುತ್ತದೆ. ಪಂಕ್ತಿಯಲ್ಲಿ ಕುಳಿತವನನ್ನು ನೀನು ಹಸಿದವನೋ ಅಲ್ಲವೋ ಎಂದು ಯಾರೂ ಕೇಳಕೂಡದು. ಆದರೆ ಆ ಹುಡುಗನಿಗೆ ಒಂದು ಪುಸ್ತಕ ಕೊಟ್ಟಿದ್ದೇವೆ. ನೀರನ್ನು ಪರೀಕ್ಷೆಗೆ ಕಳಿಸಿದ ದಿನ, ಉಳಿದು ಚೆಲ್ಲಿದ ಅನ್ನ, ಕೈಲಾಗದೆ ಮನೆಯಲ್ಲಿಯೇ ಉಳಿದು ಪಂಕ್ತಿಗೆ ಬರಲಾರದ ಮುದುಕರು ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಮಂದಿ, ಅವರಲ್ಲಿ ಕಣ್ಣಿಗೆ ಪೊರೆ ಬಂದವರು ಎಷ್ಟು, ಇದನ್ನು ಬರೆದು ಮುಂದಿನ ಅಮಾವಾಸ್ಯೆಗೆ ತರಬೇಕು. ಪ್ರಸಾದ ನಿಲಯದಲ್ಲಿ ಓದಿ ಹೋದವರು ಈ ಬರಹ ಓದಿದರೆ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರೆಂದು ಒಂದು ಕಾರ್ಡು ಬರೆಯಿರಿ. ಕೆಲಸ ಸಿಗದವರೂ ಬರೆಯಿರಿ. ಅಜ್ಜನವರು ಇನ್ನೂ ನಮ್ಮೊಡನೆ ಸರಿಯಾಗಿ ಮಾತಾಡಿಲ್ಲ. ಅಕ್ಕಿಯ ಮೂಟೆಗಳು ಮಾತ್ರ ನಿನ್ನೆ ಸಂಜೆ ಬಂದು ಉಗ್ರಾಣ ಸೇರಿವೆ, ಹೋದ ವರ್ಷಕ್ಕಿಂತ ಎರಡು ಹೆಚ್ಚು.